ಚಾ ಮತ್ತು ಚರ್ಮ ಕೀಳುವ ಬೆರಳು

ರೋಣ, ನರಗುಂದ, ಗಜೇಂದ್ರಗಡದ ಕಡೆ ಯಾರ ಮನೆಗೆ ಹೋದರೂ ಮೊದಲು ನೀರು, ಅದರ ಹಿಂದೆಯೇ ಚಾ. ಬೇಡ ಅಂದರೆ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ಈ ಚಾಕ್ಕೂ, ಮೊಡವೆ ಚಿವುಟುವ, ಗಾಯದ ಹಕ್ಕಳೆ ಕೀಳುವ ಬೆರಳಿಗೂ ಏನು ಸಂಬಂಧ?

ರಕ್ತ ಬಂದರೂ ಬಿಡಲಾಗದೆ, ಬಿಡಬೇಕೆಂದು ಎಷ್ಟು ಸಲ ನಿಶ್ಚಯಿಸಿದರೂ ಕೈ ಅಲ್ಲಿಗೇ ಹೋಗುತ್ತಿದ್ದರೆ ಅದೊಂದು ಕಾಯಿಲೆ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಇದನ್ನು ಗೀಳುರೋಗದ ಗುಂಪಿಗೆ ಸೇರಿಸಿತು. ಹೆಚ್ಚಾಗಿ ಹರೆಯದಲ್ಲಿ, ಮೊಡವೆ ಏಳುವ ಕಾಲಕ್ಕೆ ಶುರುವಾಗುತ್ತದೆ. ಗಜೇಂದ್ರಗಡದಲ್ಲಿ ಮಗ್ಗಕ್ಕೆ ಕೂತವರಿಗೆ ಇದರ ಕಷ್ಟ ಬೇರೆಯೇ: ತುದಿ ಸುಲಿದ ಬೆರಳಿಗೆ ನೂಲು ತೊಡರುತ್ತದೆ, ಎಳೆ ಕೂಡಿಸುವಾಗ ಉರಿಯುತ್ತದೆ.

ಇನ್ನು ಚಾದ ಮಾತು. ನಾವು ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತಾ ಹೋಗಿ ದಣಿವು ತಿಳಿಸುತ್ತದೆ. ಚಾ, ಕಾಫಿಯ ಕೆಫೀನ್ ಅದರ ಜಾಗದಲ್ಲಿ ತಾನೇ ಕೂತು ಆ ಸುದ್ದಿಯನ್ನು ತಡೆಯುತ್ತದೆ. ಹುರುಪು ಬರುವುದು ಹಾಗೆ. ಹೆಚ್ಚಾದರೆ ಎದೆ ಡವಡವ, ಕೈ ನಡುಕ, ಒಳಗೊಳಗೇ ಚಡಪಡಿಕೆ. ಕೆಲವರಲ್ಲಿ ಆ ಚಡಪಡಿಕೆಯೇ ಬೆರಳನ್ನು ಚರ್ಮಕ್ಕೆ ಎಳೆಯುತ್ತದೆ. ನನ್ನ ಕಣ್ಣಿಗೆ ಇದಕ್ಕಿಂತ ಮುಖ್ಯವಾದದ್ದು ನಿದ್ದೆ. ಸಂಜೆ 6ಕ್ಕೆ ಒಳಗೆ ಹೋದ ಕೆಫೀನಿನಲ್ಲಿ ಅರ್ಧದಷ್ಟು ರಾತ್ರಿ 11ಕ್ಕೂ ಮೈಯಲ್ಲಿ ಉಳಿದಿರಬಹುದು. ನಿದ್ದೆ ಬಾರದೆ ಹೊರಳಾಡುವಾಗ, ನೋಡುವವರು ಯಾರೂ ಇಲ್ಲದಾಗ, ಕೈ ಸುಮ್ಮನಿರುವುದಿಲ್ಲ.

ಹಾಗೆಂದು ಚಾ ಈ ಕಾಯಿಲೆ ತರುತ್ತದೆ ಎನ್ನಲು ಪುರಾವೆಯಿಲ್ಲ. ಕೆಲವರಿಗೆ ಕೆರಳಿಸುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಎರಡು ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಕುಡಿದ ಹೊತ್ತು, ಕಿತ್ತ ಹೊತ್ತು ಗುರುತು ಹಾಕಿ ನೋಡಿ. ಸಂಬಂಧ ಕಂಡರೆ ಮೊದಲು ಸಂಜೆಯ ಚಾ ಬಿಡಿ, ಉಳಿದದ್ದನ್ನು ನಿಧಾನವಾಗಿ ತಗ್ಗಿಸಿ. ಒಮ್ಮೆಲೇ ನಿಲ್ಲಿಸಿದರೆ ತಲೆನೋವು, ಸಿಡುಕು ಬರಬಹುದು. ಸಿಡುಕಿದಾಗ ಕೀಳುವುದೂ ಹೆಚ್ಚಾದೀತು.

ಮನೆಯಲ್ಲಿ ಹಿರಿಯರಾದವರು ‘ಏ, ಕೈ ತೆಗಿ’ ಎಂದು ನಾಲ್ಕು ಜನರೆದುರು ಗದರಬೇಡಿ. ನಾಚಿದ ಮಗು ತೋಳಿನ ಗಾಯ ಮುಚ್ಚಿಟ್ಟು ಒಳಗೆ ಹೋಗಿ ಕೀಳುತ್ತದೆ. ಕೈ ಮೇಲೆದ್ದ ಗಳಿಗೆಯನ್ನು ಗುರುತಿಸಿ, ಒಂದೆರಡು ನಿಮಿಷ ಮುಷ್ಟಿ ಬಿಗಿಹಿಡಿಯುವ ಅಭ್ಯಾಸವನ್ನು ಮನಶ್ಶಾಸ್ತ್ರಜ್ಞರು ಕಲಿಸುತ್ತಾರೆ; ಬಹಳ ಜನಕ್ಕೆ ಅದರಿಂದ ಗುಣ ಕಂಡಿದೆ. ಗಾಯ ಕೀವಾಗಿದ್ದರೆ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೋರಿಸಿ. ಮನಸ್ಸಿನ ಚಿಕಿತ್ಸೆಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅಷ್ಟು ದೂರ ಹೋಗುವ ಮುನ್ನ 14416ಕ್ಕೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ, ಕರೆ ಮಾಡಬಹುದು. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.