ರೇಷ್ಮೆಯ ಕೊಡೆ ಮತ್ತು ಕಿರುತೆರೆಯ ಯುದ್ಧ



ಯುದ್ಧದ ಧಾರಾವಾಹಿಯೊಂದನ್ನು ನೋಡಲು ಕುಳಿತಾಗ ನಮ್ಮ ಕಣ್ಣು ಎಲ್ಲಿ ನಿಲ್ಲುತ್ತದೆ? ವಿಮಾನದ ಮೇಲೆ, ಬೆಂಕಿಯ ಮೇಲೆ, ನಾಯಕನ ಮುಖದ ಮೇಲೆ. ಕಾರ್ಯಕ್ರಮ ತಯಾರಿಸುವ ನಮ್ಮಂಥವರೂ ನಿಮ್ಮ ಕಣ್ಣು ಅಲ್ಲೇ ನಿಲ್ಲಲಿ ಎಂದೇ ಬೆಳಕು, ಕ್ಯಾಮೆರಾಗಳನ್ನು ಹೊಂದಿಸುತ್ತೇವೆ. ಇಂದಿನ ಮಾತುಕತೆಯಲ್ಲಿ ನಾನು ಕೇಳಿಕೊಳ್ಳುವುದು ಬೇರೆ. ಆ ಮೂರನ್ನೂ ಸ್ವಲ್ಪ ಬದಿಗಿಟ್ಟು ಒಂದು ಬಟ್ಟೆಯನ್ನು ನೋಡಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ವೀಕ್ಷಕರಿಗೆ ಆ ಬಟ್ಟೆ ಪರಕೀಯವೇನಲ್ಲ.

ನನ್ನ ವಯಸ್ಸಿನವರು ಚಿಕ್ಕಂದಿನಲ್ಲಿ ದೂರದರ್ಶನದಲ್ಲಿ ಕಂಡ ಯುದ್ಧವೆಂದರೆ 1988ರ 'ಪರಮವೀರ ಚಕ್ರ', ಚೇತನ್ ಆನಂದ್ ನಿರ್ದೇಶಿಸಿದ ಧಾರಾವಾಹಿ. ಅಲ್ಲಿ ಹೆಚ್ಚಿನದು ನೆಲದ ಮೇಲಿನ ಸಮರ. ಬಾಂಬರ್ ವಿಮಾನದ ಹೊಟ್ಟೆಯೊಳಗೆ ಹತ್ತು ಜನ ಏನು ಮಾಡುತ್ತಾರೆ ಎಂಬುದನ್ನು ಸಾವಧಾನವಾಗಿ ತೋರಿಸಿದ್ದು ಇತ್ತೀಚಿನ 'ಮಾಸ್ಟರ್ಸ್ ಆಫ್ ದಿ ಏರ್'. 2024ರಲ್ಲಿ ಒಂಬತ್ತು ಕಂತುಗಳಲ್ಲಿ ಬಂತು. ಇಂಗ್ಲೆಂಡಿನ ಥಾರ್ಪ್ ಅಬಟ್ಸ್ ನೆಲೆಯಿಂದ ಹಾರುತ್ತಿದ್ದ ಅಮೆರಿಕದ ನೂರನೆಯ ಬಾಂಬ್ ದಳದ ಕಥೆ. ವಿಮಾನ ಬಿ-17. ಇಪ್ಪತ್ತೈದು ಸಾವಿರ ಅಡಿ ಎತ್ತರ, ಹೊರಗೆ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿ. ಅಲ್ಲಿ ಬರಿಗೈಯಲ್ಲಿ ಬಂದೂಕದ ಲೋಹ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತು ಬರುತ್ತದೆ. ಅದಕ್ಕೇ ದಪ್ಪ ಕೈಗವಸಿನ ಒಳಗೆ ತೆಳ್ಳನೆಯ ರೇಷ್ಮೆ ಕೈಗವಸು. ಇದು ಮೊದಲನೆಯ ಬಟ್ಟೆ. ಎರಡನೆಯದು ಅವರು ಎದೆಗೋ ಬೆನ್ನಿಗೋ ಕಟ್ಟಿಕೊಂಡ ಪ್ಯಾರಾಚೂಟ್.

ಕಥೆಯಲ್ಲಿ ಒಂದು ಸಂದರ್ಭವಿದೆ. 1943ರ ಆಗಸ್ಟ್ 17ರ ರೇಗನ್ಸ್‌ಬರ್ಗ್ ದಾಳಿ. ವಿಮಾನಕ್ಕೆ ಪೆಟ್ಟು ಬಿದ್ದಿದೆ. ಅದರ ಬುಡದಲ್ಲಿರುವ ಗಾಜಿನ ಗೋಳದೊಳಗೆ ಗನ್ನರ್ ಹುಡುಗ ಸಿಕ್ಕಿಕೊಂಡಿದ್ದಾನೆ. ರೇಡಿಯೋ ನೋಡಿಕೊಳ್ಳುವವನು ಅವನನ್ನು ಬಿಡಿಸಲು ಹೆಣಗಿ, ಆಗದೆ, ಕೊನೆಗೆ ತಾನೊಬ್ಬನೇ ಜಿಗಿಯುತ್ತಾನೆ. ಮೇಲೆ ಬಿಳಿಯ ಕೊಡೆ ಬಿಚ್ಚಿಕೊಳ್ಳುತ್ತದೆ.

ಈ ಕಂತನ್ನು ನಾನು ನೋಡಿದ್ದು ರಾಮನಗರದ ಒಂದು ಮನೆಯಲ್ಲಿ. ರೀಲರ್‌ಗಳ ಬಗ್ಗೆ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ಹೋಗಿದ್ದಾಗ, ಕೆಲಸ ಮುಗಿದ ಸಂಜೆ ಆ ಮನೆಯ ಮೊಮ್ಮಗ ಹಾಕಿ ತೋರಿಸಿದ. ಹಿತ್ತಲಿನಲ್ಲಿ ಬೆಂದ ಗೂಡಿನ ವಾಸನೆ ಇನ್ನೂ ಆರಿರಲಿಲ್ಲ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಗೋಡೆಗೊರಗಿ ಕೂತು, ಭಾಷೆ ತಿಳಿಯದಿದ್ದರೂ ನೋಡುತ್ತಿದ್ದರು. ಜೀವಮಾನವೆಲ್ಲ ಬಿಸಿನೀರಿನಲ್ಲಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ ಕೈ ಅವರದು. ಕೊಡೆ ಬಿಚ್ಚಿಕೊಂಡಾಗ ಕೇಳಿದರು: "ಏನಪ್ಪಾ, ಆ ಬಟ್ಟೆ ರೇಷ್ಮೇದಾ? ಇಳಿಯೋದು ನೋಡುದ್ರೆ ಹಂಗೇ ಕಾಣ್ತದೆ."

ಇದ್ದರೂ ಇರಬಹುದು ಅಮ್ಮಾ, ಎಂದೆ. ಅವರು ತಲೆಯಾಡಿಸಿ, "ನಮ್ಮಾವ ಹೇಳೋರು, ಯುದ್ಧದ್ ಕಾಲ್ದಲ್ಲಿ ನೂಲಿಗೆ ಒಳ್ಳೆ ಕಾಸು ಬತ್ತಿತ್ತು ಅಂತ. ಯಾಕೆ ಅಂತ ಮಾತ್ರ ಯಾರೂ ಹೇಳ್ಲಿಲ್ಲ" ಎಂದರು.

ಯಾಕೆ ಎಂಬುದನ್ನು ಈಗ ವಿವರವಾಗಿ ಹೇಳಬಹುದು. ಮೊದಲು ಪದಾರ್ಥದ ಗುಣ. ಒಂದು ಗೂಡಿನ ಎಳೆ ಎರಡು ಮೂರು ಡೆನಿಯರ್ ಅಷ್ಟೆ, ಕಣ್ಣಿಗೆ ಕಾಣುವುದೇ ಕಷ್ಟ. ಏಳೆಂಟು ಗೂಡುಗಳ ಎಳೆಗಳನ್ನು ಒಟ್ಟಿಗೆ ಎಳೆದಾಗ ನೇಯಬಲ್ಲ ಕಚ್ಚಾ ರೇಷ್ಮೆಯಾಗುತ್ತದೆ. ಈ ನೂಲು ತುಂಡಾಗುವ ಮುನ್ನ ತನ್ನ ಉದ್ದದ ಐದನೇ ಒಂದು ಪಾಲಿನಷ್ಟು ಹಿಗ್ಗುತ್ತದೆ. ಬೀಳುತ್ತಿರುವ ಮನುಷ್ಯನ ಮೇಲೆ ಇಪ್ಪತ್ತನಾಲ್ಕರಿಂದ ಇಪ್ಪತ್ತೆಂಟು ಅಡಿ ಅಗಲದ ಕೊಡೆ ಒಮ್ಮೆಲೇ ಬಿಚ್ಚಿಕೊಂಡಾಗ ಬೀಳುವ ಎಳೆತವನ್ನು ಯೋಚಿಸಿ. ಹಿಗ್ಗದ ಬಟ್ಟೆಯಾದರೆ ಹರಿಯುತ್ತದೆ. ರೇಷ್ಮೆ ಹಿಗ್ಗಿ ತಾಳಿಕೊಳ್ಳುತ್ತದೆ. ಹಗುರ, ಮಡಿಸಿದರೆ ಚಿಕ್ಕ ಚೀಲದಲ್ಲಿ ಕೂರುತ್ತದೆ, ಬಿಚ್ಚುವಾಗ ಪದರಕ್ಕೆ ಪದರ ಅಂಟಿಕೊಳ್ಳದೆ ಜಾರುತ್ತದೆ. ಆದರೆ ಒಂದು ಷರತ್ತು: ನೂಲು ಉದ್ದಕ್ಕೂ ಒಂದೇ ದಪ್ಪ ಇರಬೇಕು. ತೆಳುವಾದ ಕಡೆಯೇ ಹರಿಯುವುದು. ಕೈಯಲ್ಲಿ ತಿರುಗಿಸುವ ಚರಕದಲ್ಲಿ ಈ ಸಮತೆ ಸಿಗುವುದು ದುರ್ಲಭ, ಫಿಲೇಚರ್ ಯಂತ್ರ ಬೇಕು.

ಇನ್ನು ಪೂರೈಕೆ. ಯುದ್ಧಕ್ಕೆ ಮುಂಚೆ ಜಗತ್ತಿಗೆಲ್ಲ ರೇಷ್ಮೆ ಮಾರುತ್ತಿದ್ದುದು ಜಪಾನ್. 1930ರ ದಶಕದಲ್ಲಿ ಅಗ್ಗದ ಹೊರದೇಶದ ರೇಷ್ಮೆ ಸುರಿದು ಮೈಸೂರು ಸಂಸ್ಥಾನದ ರೈತ ಸೋತುಹೋಗಿದ್ದ. ಹಿಪ್ಪುನೇರಳೆ ಕಿತ್ತು ರಾಗಿ ಹಾಕಿದವರೂ ಇದ್ದರು. 1941ರ ಜುಲೈನಲ್ಲಿ ಅಮೆರಿಕ ಜಪಾನಿನ ಆಸ್ತಿಯನ್ನು ತಡೆಹಿಡಿಯಿತು, ವ್ಯಾಪಾರ ನಿಂತಿತು, ಡಿಸೆಂಬರಿನಲ್ಲಿ ಯುದ್ಧವೇ ಬಂತು. ಅಷ್ಟು ದಿನ ಪ್ಯಾರಾಚೂಟಿಗೆ ನೂಲು ಕೊಡುತ್ತಿದ್ದ ದೇಶವೇ ಶತ್ರುವಾಯಿತು. ಬ್ರಿಟಿಷರ ಕಣ್ಣು ತಕ್ಷಣ ಮೈಸೂರು, ಕಾಶ್ಮೀರ, ಬಂಗಾಳಗಳತ್ತ ತಿರುಗಿತು. ನಮ್ಮ ಸೀಮೆಗೆ ಈ ಕೆಲಸ ಹೊಸದಾಗಿರಲಿಲ್ಲ. 1910ರ ದಶಕದಲ್ಲೇ ಸಂಸ್ಥಾನ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞರನ್ನು ಕರೆಸಿ, ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ನಡೆಸಿತ್ತು. ರೇಷ್ಮೆ ತ್ಯಾಜ್ಯವನ್ನು ನೂಲಾಗಿಸುವ ಸ್ಪನ್ ಸಿಲ್ಕ್ ಗಿರಣಿ ಅದೇ ಊರಿನಲ್ಲಿ ಬಂತು. ಕನಕಪುರದಲ್ಲಿ ಸರ್ಕಾರಿ ಫಿಲೇಚರ್ ನಡೆಯಿತು. ಆಗಿನ್ನೂ ಕ್ಲೋಸ್‌ಪೇಟೆ ಎಂದೇ ಕರೆಯುತ್ತಿದ್ದ ರಾಮನಗರದ ಸುತ್ತ ಹಳ್ಳಿಗಳಲ್ಲಿ ಚಂದ್ರಿಕೆಗಳು ಮತ್ತೆ ತುಂಬಿದವು. ಪ್ಯಾರಾಚೂಟಿನ ಬೇಡಿಕೆ ಮೈಸೂರು ರೇಷ್ಮೆಗೆ ಕೊಟ್ಟ ಏರಿಕೆ ಅಂಥದು. ಅಜ್ಜಿಯ ಮಾವ ಕಂಡ ಕಾಸು ಇದೇ.

ಹಾಗಾದರೆ ಆ ಕಂತಿನ ಕೊಡೆ ನಮ್ಮದೆ? 1942ರಿಂದಲೇ ಅಮೆರಿಕದಲ್ಲಿ ನೈಲಾನ್ ಪ್ಯಾರಾಚೂಟ್ ಬಂದಿತ್ತು. 1943ರ ಆಗಸ್ಟಿನ ಹೊತ್ತಿಗೆ ರೇಷ್ಮೆಯದೂ ನೈಲಾನಿನದೂ ಎರಡೂ ಬಳಕೆಯಲ್ಲಿದ್ದವು. ಕಿರುತೆರೆಯ ಮೇಲಂತೂ ಎಲ್ಲ ಬಟ್ಟೆಯೂ ಬೆಳಕಿಗೆ ತಕ್ಕಂತೆ ಹೊಳೆಯುತ್ತದೆ. ಈ ಧಾರಾವಾಹಿಯ ಆಕಾಶದಲ್ಲಿ ಬಹುಪಾಲು ಸ್ಟುಡಿಯೋದ ಎಲ್‌ಇಡಿ ಗೋಡೆಯ ಮೇಲೆ ಮೂಡಿಸಿದ್ದು. ಅಜ್ಜಿಯ ಕಣ್ಣು ಗುರುತಿಸಿದ್ದು ಬಟ್ಟೆ ಇಳಿಯುವ ರೀತಿಯನ್ನು, ಅದು ಸಣ್ಣ ಮಾತಲ್ಲ.

ಬಾಂಬರ್ ವಿಮಾನಗಳೂ ನಮ್ಮ ಹತ್ತಿರವೇ ಬಂದಿದ್ದವು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಸೇನೆಯ ಕೈಗೆ ಹೋಯಿತು. ಬರ್ಮಾ ರಂಗದಲ್ಲಿ ಏಟು ತಿಂದ ವಿಮಾನಗಳು ಅಲ್ಲಿ ರಿಪೇರಿಯಾದವು. ಸ್ವಾತಂತ್ರ್ಯ ಬಂದ ಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಯುದ್ಧ ಮುಗಿಸಿ ಹೊರಟವರು ಕಾನ್ಪುರದಲ್ಲಿ ಲಿಬರೇಟರ್ ಬಾಂಬರ್‌ಗಳ ಗುಡ್ಡೆಯನ್ನೇ, ಯಾರೂ ಬಳಸಬಾರದೆಂದು ಕೆಡಿಸಿ, ಬಿಟ್ಟು ಹೋಗಿದ್ದರು. ನಮ್ಮವರು ಅವನ್ನು ಹಾರುವಷ್ಟು ಮಟ್ಟಿಗೆ ತೇಪೆ ಹಾಕಿ ಬೆಂಗಳೂರಿಗೆ ಹಾರಿಸಿ ತಂದರು. ಎಚ್‌ಎಎಲ್‌ನ ಪೈಲಟ್ ಜಮ್‌ಷೆಡ್ ಮುನ್ಷಿ ಒಂದೊಂದಾಗಿ ತಂದದ್ದು ಇಂದಿಗೂ ವಾಯುಸೇನೆಯವರು ಹೇಳುವ ಕಥೆ. 1948ರ ನವೆಂಬರಿನಲ್ಲಿ ಐದನೆಯ ಸ್ಕ್ವಾಡ್ರನ್ ಇವುಗಳಿಂದಲೇ ಆರಂಭವಾಯಿತು. 1968ರವರೆಗೆ ಅವು ಹಾರಿದವು. ಅವುಗಳಲ್ಲಿ ಒಂದು ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ ಸೇರಿದೆ. ಕೆಡಿಸಿ ಎಸೆದವರಿಗೇ ಸರಿಮಾಡಿ ಕೊಟ್ಟಂತಾಯಿತು. ಇದರ ಮೇಲೆ ಯಾರಾದರೂ ಧಾರಾವಾಹಿ ಮಾಡಬಾರದೆ?

ಇರಲಿ, ಗೂಢಚಾರರ ವಿಷಯಕ್ಕೆ ಬರೋಣ. ಪ್ಯಾರಾಚೂಟಿನಲ್ಲಿ ಇಳಿದವನ ಕಥೆ ಅಲ್ಲಿಂದ ಮುಂದೆ ಗೂಢಚಾರರ ಕಥೆಯಾಗುತ್ತದೆ. ಬೆಲ್ಜಿಯಂನಲ್ಲಿ ಇಳಿದ ವೈಮಾನಿಕನನ್ನು ಅಲ್ಲಿನ ಜನ ಬಚ್ಚಿಟ್ಟು, ಫ್ರಾನ್ಸ್ ದಾಟಿಸಿ, ಸ್ಪೇನಿನ ಬೆಟ್ಟ ಹತ್ತಿಸುತ್ತಿದ್ದರು. ಬಿಬಿಸಿಯ 'ಸೀಕ್ರೆಟ್ ಆರ್ಮಿ' (1977-79) ಇದೇ ವಸ್ತುವಿನ ಮೇಲೆ ನಿಂತದ್ದು. ಅದನ್ನು ಅಣಕಿಸಿ ಮುಂದೆ ಹಾಸ್ಯ ಧಾರಾವಾಹಿಯೇ ಬಂತು. ನಿಜದಲ್ಲಿ ಇಂಥ ದಾರಿಗಳಲ್ಲಿ ದೊಡ್ಡದು ಕಾಮೆಟ್ ಲೈನ್. ಕಟ್ಟಿದವಳು ಇಪ್ಪತ್ನಾಲ್ಕು ವರ್ಷದ ಆಂದ್ರೆ ದ ಯೋಂಗ್. 1943ರ ಜನವರಿಯಲ್ಲಿ ಸಿಕ್ಕಿಬಿದ್ದು, ಸೆರೆಶಿಬಿರಗಳಿಂದ ಬದುಕಿ ಬಂದು, ಆಮೇಲೆ ಆಫ್ರಿಕದ ಕುಷ್ಠರೋಗಿಗಳ ಆಸ್ಪತ್ರೆಗಳಲ್ಲಿ ಶುಶ್ರೂಷೆ ಮಾಡಿದಾಕೆ. ಆಕೆಯ ದಾರಿಯನ್ನು ಕೆಡಿಸಲು ಜರ್ಮನರು ಬಳಸಿದ ಉಪಾಯ ಸರಳ: ತಾವೇ ವೈಮಾನಿಕರ ವೇಷ ಹಾಕಿ ಒಳಸೇರುವುದು, ಇಲ್ಲವೆ ತಾವೇ ಸುಳ್ಳು ಆಶ್ರಯಮನೆ ತೆರೆಯುವುದು. ಪ್ರಾಸ್ಪರ್ ದೆಜಿಟರ್ ಎಂಬ ಬೆಲ್ಜಿಯನ್ ಈ ಎರಡನೆಯದರಲ್ಲಿ ಪಳಗಿದವನು. ಕೆನಡಾದಲ್ಲಿದ್ದು ಇಂಗ್ಲಿಷ್ ಕಲಿತಿದ್ದ, ಒಂದು ಬೆರಳು ಮೊಟಕು. ಎಷ್ಟೋ ಹುಡುಗರು ಬದುಕಿದೆವು ಎಂದುಕೊಂಡೇ ಅವನ ಕೈಗೆ ಸಿಕ್ಕರು. 1948ರಲ್ಲಿ ಅವನಿಗೆ ಮರಣದಂಡನೆಯಾಯಿತು. ಹೀಗಾಗಿಯೇ ಆಶ್ರಯ ಕೊಡುವವರು ಬಂದವನನ್ನು ಪ್ರಶ್ನೆಗಳಿಂದ ಜಾಲಾಡಿಸುತ್ತಿದ್ದುದು. ನಾನು ಹೇಳಿದ ಧಾರಾವಾಹಿಯಲ್ಲೂ ರೇಡಿಯೋ ಹುಡುಗನ ಜೊತೆ ಸೇರಿಕೊಂಡವನೊಬ್ಬ ಹೀಗೆ ಬಯಲಾಗುತ್ತಾನೆ. ನೋಡದವರಿಗಾಗಿ ಹೆಚ್ಚು ಹೇಳುವುದಿಲ್ಲ.

ಇಲ್ಲಿಯೂ ರೇಷ್ಮೆಯೇ. ಶತ್ರುನೆಲದಲ್ಲಿ ದಾರಿ ಹುಡುಕುವವನ ಬಳಿ ಕಾಗದದ ನಕ್ಷೆ ಇದ್ದರೆ ತಪಾಸಣೆಯಲ್ಲಿ ಸರಸರ ಸದ್ದು ಮಾಡುತ್ತದೆ, ಮಳೆಗೆ ನೆನೆದು ಮುದ್ದೆಯಾಗುತ್ತದೆ. ಬ್ರಿಟಿಷ್ ಗುಪ್ತ ವಿಭಾಗದ ಕ್ಲೇಟನ್ ಹಟನ್ ಎಂಬಾತ ನಕ್ಷೆಯನ್ನು ರೇಷ್ಮೆಯ ಮೇಲೆ ಅಚ್ಚು ಹಾಕಿಸಿದ. ಶಾಯಿ ಹರಡಿಕೊಂಡಾಗ ಅದಕ್ಕೆ ಪೆಕ್ಟಿನ್ ಬೆರೆಸಿದ. ಹಣ್ಣಿನ ಜಾಮ್ ಗಟ್ಟಿಯಾಗುವುದು ಇದೇ ಪದಾರ್ಥದಿಂದ. ಗೂಢಚಾರರ ಸಂಕೇತಲಿಪಿಯದು ಇನ್ನೊಂದು ಕಥೆ. ಮೊದಲೆಲ್ಲ ಅವರು ಬಾಯಿಪಾಠದ ಪದ್ಯವೊಂದನ್ನು ಸಂಕೇತಕ್ಕೆ ಕೀಲಿಯಾಗಿ ಬಳಸುತ್ತಿದ್ದರು. ಸಿಕ್ಕಿಬಿದ್ದವನಿಂದ ಪದ್ಯ ಹೊರಡಿಸಿದರೆ ಹಿಂದಿನ ಸಂದೇಶಗಳೆಲ್ಲ ಶತ್ರುವಿಗೆ ತೆರೆದಂತೆ. ಲಂಡನ್ನಿನ ಲಿಯೋ ಮಾರ್ಕ್ಸ್ ಎಂಬ ಯುವಕ ಕೀಲಿಗಳನ್ನು ರೇಷ್ಮೆ ಬಟ್ಟೆಯ ಮೇಲೆ ಅಚ್ಚು ಹಾಕಿಸಿ, ಒಂದೊಂದು ಬಳಸಿದ ಮೇಲೆ ಆ ತುಂಡನ್ನು ಕತ್ತರಿಸಿ ಸುಟ್ಟುಬಿಡುವ ಕ್ರಮ ತಂದ. ಅಂಗಿಯ ಒಳಪದರಕ್ಕೆ ಹೊಲಿದರೆ ಕೈಯಾಡಿಸಿದವನಿಗೆ ತಿಳಿಯುವುದಿಲ್ಲ. ಸುಟ್ಟದ್ದನ್ನು ಯಾವ ಚಿತ್ರಹಿಂಸೆಯೂ ಮರಳಿ ತರಲಾರದು.

ಈ ಮಾರ್ಕ್ಸ್ ಸಂಕೇತಲಿಪಿ ಕಲಿಸಿ ಕಳಿಸಿದವರಲ್ಲಿ ನೂರ್ ಇನಾಯತ್ ಖಾನ್ ಒಬ್ಬರು. ಸೂಫಿ ಸಂಗೀತಗಾರ ಇನಾಯತ್ ಖಾನರ ಮಗಳು. ತಂದೆಯ ತಾಯಿಯ ಕಡೆಯಿಂದ ಟಿಪ್ಪು ಸುಲ್ತಾನನ ವಂಶ. 1943ರ ಜೂನ್‌ನಲ್ಲಿ ಫ್ರಾನ್ಸಿಗೆ ಇಳಿದು, ಪ್ಯಾರಿಸ್ಸಿನಲ್ಲಿ ಜೊತೆಯವರೆಲ್ಲ ಸಿಕ್ಕಿಬಿದ್ದ ಮೇಲೂ ತಿಂಗಳುಗಟ್ಟಲೆ ವೈರ್‌ಲೆಸ್ ನಡೆಸಿದರು. ಅಕ್ಟೋಬರಿನಲ್ಲಿ ಸೆರೆಯಾದರು. 1944ರ ಸೆಪ್ಟೆಂಬರ್ 13ರಂದು ಡಾಖೌ ಶಿಬಿರದಲ್ಲಿ ಗುಂಡಿಕ್ಕಲಾಯಿತು.  ಬ್ರಿಟನ್ನು 1949ರಲ್ಲಿ ಜಾರ್ಜ್ ಕ್ರಾಸ್ ಕೊಟ್ಟಿತು. ಮೈಸೂರು ಸೀಮೆಗೆ ರೇಷ್ಮೆ ಕೃಷಿ ತಂದವನು ಟಿಪ್ಪು ಎಂಬುದನ್ನು ನೆನೆದರೆ ಎಲ್ಲಿಂದೆಲ್ಲಿಗೋ ನೂಲು ಸುತ್ತಿಕೊಂಡಂತೆ ಕಾಣುತ್ತದೆ. ಕಾಕತಾಳೀಯವೇ, ಆದರೂ ಹೇಳದಿರಲು ಮನಸ್ಸಾಗಲಿಲ್ಲ.

ಧಾರಾವಾಹಿಯ ಬಗ್ಗೆ ನನ್ನದೊಂದು ತಕರಾರು ಇದೆ. 1943ರ ಅಕ್ಟೋಬರ್ 10, ಭಾನುವಾರ, ಮ್ಯೂನ್‌ಸ್ಟರ್ ದಾಳಿ. ನೂರನೆಯ ದಳದಿಂದ ಹೋದ ಹದಿಮೂರು ವಿಮಾನಗಳಲ್ಲಿ ಮರಳಿದ್ದು ಒಂದೇ. ಆ ಒಂದರ ಮರಳುವಿಕೆಯನ್ನು ಬಹು ಚೆನ್ನಾಗಿ ತೋರಿಸಿದ್ದಾರೆ. ಆದರೆ ಅಂದಿನ ಗುರಿ ಊರಿನ ನಡುಭಾಗ, ರೈಲ್ವೆ ಕೆಲಸಗಾರರು ವಾಸವಿದ್ದ ಕೇರಿಗಳು. ಅದು ಸರಿಯೇ ಎಂದು ವೈಮಾನಿಕರು ಮಾತಾಡಿಕೊಳ್ಳುತ್ತಾರೆ, ಅಷ್ಟಕ್ಕೇ ನಿಲ್ಲುತ್ತದೆ. ಕ್ಯಾಮೆರಾ ಅಲ್ಲಿ ಕೆಳಗಿಳಿಯುವುದಿಲ್ಲ. ತೆರೆಗೆ ಎತ್ತರ ಹಿತ, ಎತ್ತರದಿಂದ ಊರು ಸಣ್ಣದಾಗಿ ಕಾಣುತ್ತದೆ. ನಮ್ಮ ಸೀಮೆಯ ಅನುಭವವೂ ಒಂದು ಬಗೆಯಲ್ಲಿ ಅದೇ. 'ಶೋಲೆ' (1975) ರಾಮದೇವರ ಬೆಟ್ಟದ ಬಂಡೆಗಳನ್ನು ದೇಶಕ್ಕೆಲ್ಲ ತೋರಿಸಿತು, ಡೇವಿಡ್ ಲೀನ್ 'ಎ ಪ್ಯಾಸೇಜ್ ಟು ಇಂಡಿಯಾ'ಕ್ಕೆ (1984) ಮಾಗಡಿಯ ಸಾವನದುರ್ಗಕ್ಕೇ ಬಂದರು. ಬಂಡೆಯ ಬುಡದಲ್ಲಿ ಬಿಸಿನೀರಿನ ಬಾಣಲೆಗೆ ಬಾಗಿ ಕೂತವರು ಚೌಕಟ್ಟಿಗೆ ಬರಲಿಲ್ಲ.

ಅಮೆರಿಕದಲ್ಲಿ 1922ರಿಂದ ಕ್ಯಾಟರ್‌ಪಿಲ್ಲರ್ ಕ್ಲಬ್ ಎಂಬುದೊಂದಿದೆ, ಅಂದರೆ ಕಂಬಳಿಹುಳುಗಳ ಸಂಘ. ಕೆಡುತ್ತಿರುವ ವಿಮಾನದಿಂದ ಪ್ಯಾರಾಚೂಟಿನಲ್ಲಿ ಜಿಗಿದು ಬದುಕಿದವರಿಗೆ ಮಾತ್ರ ಪ್ರವೇಶ. ಅರ್ವಿನ್ ಕಂಪನಿ ಅಂಥವರಿಗೆ ಕೊಡುತ್ತಿದ್ದುದು ಚಿನ್ನದ ಒಂದು ಪುಟ್ಟ ರೇಷ್ಮೆಹುಳು. ನಿಮ್ಮ ಮನೆಯ ತಟ್ಟೆಯಲ್ಲಿ ಸೊಪ್ಪು ಮೇಯುವ ಅದೇ ಹುಳು, ಕೋಟಿನ ಮೇಲೆ. ನೈಲಾನ್ ಬಂದ ಮೇಲೂ ಪದಕದ ಹುಳು ಬದಲಾಗಲಿಲ್ಲ.

ಇತ್ತ ಮೈಸೂರಿನಲ್ಲಿ ಯುದ್ಧ ಮುಗಿದದ್ದೇ ಬೇಡಿಕೆ ಕುಸಿಯಿತು. ಪ್ಯಾರಾಚೂಟನ್ನು ನೈಲಾನ್ ತೆಗೆದುಕೊಂಡಿತ್ತು, ಸೋತ ಜಪಾನಿನ ರೇಷ್ಮೆ ಮತ್ತೆ ಮಾರುಕಟ್ಟೆಗೆ ಬಂತು. ಕೇಂದ್ರ ರೇಷ್ಮೆ ಮಂಡಳಿಯ ಕಾಯಿದೆ ಬಂದದ್ದು 1948ರಲ್ಲಿ, ಉದ್ಯಮ ಹೀಗೆ ತತ್ತರಿಸುತ್ತಿದ್ದ ಹೊತ್ತಿನಲ್ಲಿ. ಬೆಂಗಳೂರಿನವರಿಗೆ ಈಗ ಸಿಲ್ಕ್ ಬೋರ್ಡ್ ಎಂದರೆ ವಾಹನಗಳು ಕದಲದ ಒಂದು ಜಂಕ್ಷನ್. ಅಲ್ಲಿ ಸಿಕ್ಕಿಕೊಂಡು ನಿಂತಾಗ, ಮೇಲೆ ಎಚ್‌ಎಎಲ್ ಕಡೆಯಿಂದ ವಿಮಾನವೊಂದು ಹಾದುಹೋದರೆ, ಕತ್ತೆತ್ತಿ ನೋಡಲು ನಿಮಗೆ ಸಮಯವಂತೂ ಧಾರಾಳವಾಗಿ ಇರುತ್ತದೆ.