ಗೌರಿಗೆ ತವರಿನಲ್ಲಿ ಎಷ್ಟು ದಿನ?

(ಗೌರಿ ಹಬ್ಬಕ್ಕೆ ಮುಂಚೆ ಮೈಸೂರಿನ ಶ್ರೀರಾಂಪುರದಲ್ಲಿ ಸೇರಿದ್ದ ಮಹಿಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಗೌರಿ ಹಬ್ಬದ ಆಧ್ಯಾತ್ಮಿಕ ಅರ್ಥ ಕುರಿತು ಮಾತಾಡಿ ಎಂದು ಕೇಳಿದ್ದೀರಿ. ವರದಕ್ಷಿಣೆ, ಹೊಡೆತ ಬಡಿತ, ಕೋರ್ಟು ಕಚೇರಿ ಎಂದು ಓಡಾಡುವವರಿಗೆ ಹಬ್ಬದ ಗೊಡವೆ ಏಕೆ ಎಂದು ನಮ್ಮವರಲ್ಲೇ ಕೆಲವರು ಕೇಳುತ್ತಾರೆ. ನಾನು ಹಾಗೆ ಯೋಚಿಸುವವಳಲ್ಲ. ಇಷ್ಟೊಂದು ಹೆಂಗಸರು ಕೂಡಿ ಮಾಡುವ ಹಬ್ಬವನ್ನು ಪುರೋಹಿತರಿಗೂ ಸೀರೆ ಅಂಗಡಿಯವರಿಗೂ ಬಿಟ್ಟುಕೊಟ್ಟು ದೂರ ನಿಂತರೆ ನಷ್ಟ ನಮಗೇ.

ಭಾದ್ರಪದ ಶುದ್ಧ ತದಿಗೆಯ ದಿನ ಗೌರಿ ತವರಿಗೆ ಬರುತ್ತಾಳೆ. ಮರುದಿನ ಚೌತಿಗೆ ಮಗ ಗಣಪತಿ ಬರುತ್ತಾನೆ, ತಾಯಿಯನ್ನು ಕೈಲಾಸಕ್ಕೆ ಕರೆದೊಯ್ಯಲು. ಕಥೆ ಇಷ್ಟೇ. ನಮ್ಮ ಚಾಮುಂಡಿ ಬೆಟ್ಟದ ತಾಯಿಗೆ ದಸರೆಯಲ್ಲಿ ಆನೆ, ಅಂಬಾರಿ, ವಾದ್ಯ ಎಲ್ಲ ಉಂಟು. ಅವಳ ಕೈಯಲ್ಲಿ ಆಯುಧವಿದೆ. ಇವಳಿಗೆ ಒಂದು ಮಣೆ, ಒಂದು ಕಲಶ, ಅರಿಸಿನದಲ್ಲಿ ಹಿಡಿದ ಪುಟ್ಟ ಗೋಪುರ ಸಾಕು. ದೇವಿಯನ್ನು ಮನೆಗೆ ಬಂದ ಮಗಳಾಗಿ ಕಾಣುವ ಹಬ್ಬ ಇದು.

ಪೂಜೆಯ ಹದಿನಾರು ಉಪಚಾರಗಳನ್ನೇ ನೋಡಿ. ಆವಾಹನೆ, ಆಸನ, ಪಾದ್ಯ, ಅರ್ಘ್ಯ, ಆಚಮನ ಎಂದು ಮೊದಲಾಗುತ್ತದೆ. ಸಂಸ್ಕೃತದ ಹೊದಿಕೆ ತೆಗೆದರೆ ಏನು ಉಳಿಯಿತು? ಬಾ ಎನ್ನುವುದು, ಕೂರಲು ಜಾಗ ಕೊಡುವುದು, ಕಾಲಿಗೆ ನೀರು, ಕೈಗೆ ನೀರು, ಬಾಯಿಗೆ ನೀರು. ದಣಿದು ಬಂದವಳಿಗೆ ಮಾಡುವ ಕೆಲಸ. ಯಾಕೆ ಬಂದೆ, ಯಾವಾಗ ಹೊರಡುತ್ತೀಯ ಎಂಬ ಪ್ರಶ್ನೆ ಆ ಹದಿನಾರರಲ್ಲಿ ಎಲ್ಲಿಯೂ ಇಲ್ಲ. ನನ್ನ ಮಟ್ಟಿಗೆ ಹಬ್ಬದ ಆಧ್ಯಾತ್ಮ ಇಲ್ಲಿದೆ.

ಗೌರಿಯ ಹಿಂದಿನ ಜನ್ಮದ ಕಥೆ ನಿಮಗೆ ಗೊತ್ತು. ಆಗ ಅವಳು ದಕ್ಷನ ಮಗಳು, ದಾಕ್ಷಾಯಿಣಿ. ತಂದೆ ಯಜ್ಞ ಮಾಡಿದ, ಮಗಳನ್ನು ಕರೆಯಲಿಲ್ಲ. ತವರಲ್ಲವೇ, ಕರೆಯದಿದ್ದರೇನು ಎಂದು ಅವಳೇ ಹೋದಳು. ಭಾಗವತದಲ್ಲಿ ಒಂದು ಸೂಕ್ಷ್ಮ ಮಾತಿದೆ: ತಾಯಿ ಮತ್ತು ಅಕ್ಕತಂಗಿಯರು ಮಾತ್ರ ಅವಳನ್ನು ಕಣ್ಣೀರಿಟ್ಟು ಅಪ್ಪಿಕೊಂಡರು, ಉಳಿದವರೆಲ್ಲ ದಕ್ಷನ ಭಯಕ್ಕೆ ಮುಖ ತಿರುಗಿಸಿದರು. ಅಪ್ಪಿಕೊಂಡವರೂ ಯಜಮಾನನ ಎದುರು ಬಾಯಿ ಬಿಡಲಿಲ್ಲ. ಮಗಳು ಅಲ್ಲೇ ಬೆಂದುಹೋದಳು. ಯೋಗಾಗ್ನಿ ಎಂದು ಭಾಗವತ ಹೇಳುತ್ತದೆ, ನಮ್ಮ ಹರಿಕಥೆಯವರು ಯಜ್ಞಕುಂಡಕ್ಕೇ ಹಾರಿದಳು ಎನ್ನುತ್ತಾರೆ. ಅವಳ ಗಂಡ ಹಿಂಸೆ ಕೊಟ್ಟವನಲ್ಲ, ನಿಜ. ಆದರೆ ನಾನು ನೋಡುತ್ತಿರುವುದು ತವರಿನ ಬಾಗಿಲನ್ನು. ವೀರಭದ್ರನ ಗುಡಿಗೆ ಹೋದಾಗ ಮೂರ್ತಿಯ ಪಕ್ಕದಲ್ಲಿ ಟಗರಿನ ತಲೆ ಹೊತ್ತು ಕೈಮುಗಿದು ನಿಂತ ದಕ್ಷನನ್ನು ಗಮನಿಸಿ. ಮಗಳನ್ನು ಬರಮಾಡಿಕೊಳ್ಳದ ಅಪ್ಪನಿಗೆ ನಮ್ಮ ಜನ ಕೊಟ್ಟ ಮುಖ ಅದು.

ಆ ಜನ್ಮದಲ್ಲಿ ಸಿಗದ ತವರು ಈ ಜನ್ಮದಲ್ಲಿ ಪ್ರತಿ ವರ್ಷ ಸಿಗಲಿ ಎಂದೇ ಈ ಹಬ್ಬ ಇದೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಶಾಸ್ತ್ರಿಗಳು ಒಪ್ಪದಿದ್ದರೆ ಬೇಡ.

ಕನ್ನಡ ಪಾಠ ಮಾಡುತ್ತಿದ್ದವಳು ನಾನು. ‘ಕೆರೆಗೆ ಹಾರ’ದ ಭಾಗೀರಥಿ ಬಲಿಯಾಗುವ ಮುಂಚೆ ತವರಿಗೆ ಹೋಗಿ ಬರುತ್ತಾಳೆ. ಅಪ್ಪ ಅಮ್ಮನಿಗೆ ನಿಜ ಹೇಳುವುದಿಲ್ಲ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಮರೆಸುತ್ತಾಳೆ. ನಿಜ ಹೇಳುವುದು ಗೆಳತಿಗೆ ಮಾತ್ರ. ಒಂದು ವರ್ಷ ಈ ಭಾಗ ಮುಗಿಸಿದಾಗ ಒಬ್ಬ ಹುಡುಗಿ, “ಮೇಡಂ, ಅವಳು ಅಪ್ಪನಿಗೆ ಯಾಕೆ ಹೇಳಲಿಲ್ಲ?” ಎಂದಳು. ಹಿಂದಿನ ಬೆಂಚಿನಿಂದ ಇನ್ನೊಬ್ಬಳು, “ಹೇಳಿದ್ದರೆ ಅಪ್ಪ ಏನು ಮಾಡ್ತಿದ್ದ?” ಎಂದಳು. ಆ ವರ್ಷವೇ ಮದುವೆಯಾಗಿದ್ದ ಹುಡುಗಿ ಆಕೆ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ‘ವಿಮೋಚನಾ’ದ ಗೆಳತಿಯರು ‘ಸ್ಟೌ ಸಿಡಿದು ಆಕಸ್ಮಿಕ’ ಎಂದು ದಾಖಲಾಗುತ್ತಿದ್ದ ಸಾವುಗಳ ಬೆನ್ನುಹತ್ತಿ ವಿಚಾರಿಸಿದರು. ನಾವು ಇಲ್ಲಿ ಕಂಡ ಎಷ್ಟೋ ಪ್ರಕರಣಗಳಲ್ಲಿ ಹುಡುಗಿ ಸಾಯುವ ಮುಂಚೆ ಒಂದು ಸಲವಾದರೂ ತವರಿಗೆ ಬಂದಿರುತ್ತಾಳೆ. ಹೊಂದಿಕೊಂಡು ಹೋಗಮ್ಮ, ಇನ್ನೂ ತಂಗಿಯರ ಮದುವೆಯಾಗಬೇಕು ಎಂದು ಮಡಿಲಕ್ಕಿ ಹಾಕಿ ಬಸ್ಸು ಹತ್ತಿಸಿರುತ್ತಾರೆ. 1983ರಲ್ಲಿ 498ಎ ಬಂತು, 1986ರಲ್ಲಿ ವರದಕ್ಷಿಣೆ ಸಾವಿಗೆ 304ಬಿ ಬಂತು. 2024ರ ಜುಲೈಯಿಂದ ಇವೇ ಭಾರತೀಯ ನ್ಯಾಯ ಸಂಹಿತೆಯಲ್ಲಿ 85, 86 ಮತ್ತು 80ನೆಯ ಕಲಮುಗಳಾಗಿವೆ. ವರದಕ್ಷಿಣೆ ಸಾವಿನ ಕಲಮು ಕೆಲಸ ಮಾಡುವುದು ಹುಡುಗಿ ಸತ್ತ ಮೇಲೆ. ತವರಿನ ಬಾಗಿಲು ಕೆಲಸ ಮಾಡಬೇಕಾದದ್ದು ಅದಕ್ಕೂ ಮುಂಚೆ.

ಇನ್ನು ಬಾಗಿನ. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಅರಿಸಿನ ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ ಇಟ್ಟು ಇನ್ನೊಂದು ಮೊರ ಮುಚ್ಚುತ್ತೇವೆ. ಕನ್ನಂಬಾಡಿ ಕಟ್ಟೆ ತುಂಬಿದಾಗ ಮುಖ್ಯಮಂತ್ರಿಗಳು ಕಾವೇರಿಗೆ ಕೊಡುವುದೂ ಇದನ್ನೇ. ಎಷ್ಟು ಸರಳವಾದ ವಸ್ತುಗಳು! ಈಗ ಮೊದಲ ವರ್ಷದ ಗೌರಿ ಹಬ್ಬಕ್ಕೆ ಸೊಸೆ ತವರಿನಿಂದ ಏನು ತಂದಳು ಎಂದು ಬೀಗರು ಲೆಕ್ಕ ಹಾಕುತ್ತಾರೆ. ಉಂಗುರ, ಸ್ಕೂಟರು, ಮನೆ ಕಂತಿನ ಹಣ. ಮದುವೆಗೆ ಸಂಬಂಧಿಸಿ ಆಮೇಲೆ ಯಾವಾಗ ಕೇಳಿದರೂ ಅದು ವರದಕ್ಷಿಣೆಯೇ. 1961ರ ಕಾಯ್ದೆಗೆ 1986ರಲ್ಲಿ ಮಾಡಿದ ತಿದ್ದುಪಡಿ ಇದನ್ನು ಸ್ಪಷ್ಟವಾಗಿ ಹೇಳಿದೆ.

ಇನ್ನೊಂದು ದೃಶ್ಯವನ್ನೂ ನೀವು ಕಂಡಿರುತ್ತೀರಿ. ಹಬ್ಬಕ್ಕೆ ಬಂದ ಅಕ್ಕತಂಗಿಯರಿಗೆ ಅಣ್ಣ ಸೀರೆ ಕೊಡುತ್ತಾನೆ, ಹೊರಡುವ ಹೊತ್ತಿಗೆ ಹಕ್ಕು ಖುಲಾಸೆ ಪತ್ರ ಮುಂದಿಡುತ್ತಾನೆ. ಸಹಿ ಹಾಕದಿದ್ದರೆ ಮುಂದಿನ ವರ್ಷ ಕರೆ ಬರುವುದಿಲ್ಲ ಎಂಬ ಹೆದರಿಕೆ. ಕರ್ನಾಟಕದಲ್ಲಿ 1994ರಲ್ಲೇ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸಮ ಪಾಲು ಬಂತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟರು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಈ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮ ಪ್ರಕರಣದಲ್ಲಿ ಹೇಳಿತು. ಆಸ್ತಿಯ ಮಾತು ಬಂದರೆ ಬಾಂಧವ್ಯ ಕೆಡುತ್ತದೆ ಎನ್ನುತ್ತಾರೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ಯಾರೂ ಹೀಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಬಾಗಿನ ಮುತ್ತೈದೆಯರಿಗೆ ಮಾತ್ರ ಎಂಬ ಕಟ್ಟಳೆಯೂ ನನಗೆ ಒಗ್ಗುವುದಿಲ್ಲ. ತವರಿಗೆ ಬರುವವಳು ಮಗಳು. ಅವಳ ಗಂಡ ಇದ್ದಾನೋ, ಸತ್ತಿದ್ದಾನೋ, ಬಿಟ್ಟಿದ್ದಾನೋ ಎಂದು ನೋಡಿ ಮಣೆ ಹಾಕುವುದು ಯಾವ ತಾಯಿಯ ಲಕ್ಷಣ?

ಅರಸೀಕೆರೆ ತಾಲ್ಲೂಕಿನ ಮಾಡಾಳಿನಲ್ಲಿ ಗೌರಮ್ಮನನ್ನು ಎರಡೇ ದಿನಕ್ಕೆ ಕಳಿಸಿಕೊಡುವುದಿಲ್ಲ. ಚೌತಿ ಕಳೆದು ವಾರವಾದರೂ ಇರಿಸಿಕೊಂಡು ಪೂಜಿಸುತ್ತಾರೆ. ಗಣಪತಿ ಕಾಯಬಲ್ಲ. ಶಾಸ್ತ್ರ ಕೆಟ್ಟಿತೆಂದು ಯಾರೂ ಗೊಣಗಿಲ್ಲ.

ಈ ಸಲ ಮೊರದ ಬಾಗಿನ ಕಟ್ಟುವಾಗ ಕನ್ನಡಿಯ ಪಕ್ಕದಲ್ಲಿ 181 ಮತ್ತು 112 ಎಂದು ಬರೆದ ಚೀಟಿಯೊಂದನ್ನು ಇಡಿ. ಮದುವೆಯಲ್ಲಿ ಕೊಟ್ಟದ್ದರ ಪಟ್ಟಿ ಇರಬೇಕೆಂದು 1985ರ ನಿಯಮವಿದೆ. ಅದರ ಒಂದು ಪ್ರತಿ ತವರಿನಲ್ಲಿರಲಿ. ಪೂಜೆ ಮುಗಿದ ಮೇಲೆ ಅಳಿಯನನ್ನು ಮಾವನ ಜೊತೆ ಮಾರುಕಟ್ಟೆಗೆ ಕಳಿಸಿ, ಗಣಪತಿಗೆ ಗರಿಕೆ, ಎಕ್ಕದ ಹೂವು ತರುವ ಕೆಲಸ ಇದ್ದೇ ಇರುತ್ತದೆ. ನೀವು ಮಗಳನ್ನು ಒಳಗೆ ಕೂರಿಸಿಕೊಂಡು ಹೇಗಿದ್ದೀಯ ಎಂದು ಕೇಳಿ. ಎರಡು ಸಲ ಕೇಳಿ. ಮೊದಲ ಸಲ ಎಲ್ಲ ಹೆಣ್ಣುಮಕ್ಕಳೂ ಚೆನ್ನಾಗಿದ್ದೇನೆ ಎಂದೇ ಹೇಳುತ್ತಾರೆ.