ಗಡಿಯಾಚೆಯ ಘಾಟಿಯಲ್ಲಿ



ಕಾರ್ತಿಕ ಬಂತೆಂದರೆ ನಮ್ಮ ಊರುಗಳಿಂದ ಟಿಟಿ, ಕಾರುಗಳು ಹೂವಿನ ಹಾರ ಹಾಕಿಕೊಂಡು ಶಬರಿಮಲೆಗೆ ಹೊರಡುತ್ತವೆ. ಬೆಂಗಳೂರು ಕಡೆಯವರು ಹಿಡಿಯುವ ಒಂದು ದಾರಿ ಸೇಲಂ, ದಿಂಡಿಗಲ್, ತೇನಿ, ಕಂಬಂ, ಕುಮಳಿ. ದಿಂಡಿಗಲ್‌ವರೆಗಿನ ಹೆದ್ದಾರಿ ನಿದ್ದೆ ಬರುವಷ್ಟು ನೆಟ್ಟಗಿದೆ. ಆಮೇಲೆ ರಸ್ತೆಯ ಗುಣವೇ ಬೇರೆ. ಚಿನ್ನಮನೂರು, ಅದರ ಹತ್ತಿರದ ಮಾರ್ಕಯನ್‌ಕೋಟ್ಟೈ, ಶನೀಶ್ವರನ ಕುಚ್ಚನೂರು, ಇವೆಲ್ಲ ಗದ್ದೆ, ಬಾಳೆತೋಟಗಳ ನಡುವಿನ ಊರುಗಳು. ಸಂಜೆಯಾದರೆ ಮನೆಗೆ ಮರಳುವ ದನ, ಹಿಂದೆ ದೀಪವಿಲ್ಲದ ಟ್ರಾಕ್ಟರು, ಎಲ್ಲವೂ ರಸ್ತೆಯ ಮೇಲೆಯೇ. ಬೆಳಗಿನಿಂದ ವೇಗಕ್ಕೆ ಒಗ್ಗಿದ ಕಾಲು ಮಾತ್ರ ಆಕ್ಸಿಲರೇಟರ್ ಬಿಡಲೊಲ್ಲದು.

ಫಲಕಗಳ ತಮಿಳು ನಮಗೆ ಓದಲು ಬರುವುದಿಲ್ಲ. ಓದಿಸಿ ಕೇಳಿದರೆ ಅಷ್ಟೇನೂ ದೂರದ್ದಲ್ಲ: ‘ವಿಬತ್ತು ಪಗುದಿ’ ಎಂದರೆ ಅಪಘಾತವಾಗುವ ಜಾಗ. ನಮ್ಮ ವಿಪತ್ತೇ ಅದು.

ಕಂಬಂ ದಾಟಿದ ಮೇಲೆ ಘಾಟಿ. 2022ರ ಡಿಸೆಂಬರಿನ ಒಂದು ರಾತ್ರಿ, ಶಬರಿಮಲೆಯಿಂದ ಮರಳುತ್ತಿದ್ದ ಕಾರೊಂದು ಕುಮಳಿ ಘಾಟಿಯಲ್ಲಿ ಕಂದಕಕ್ಕೆ ಉರುಳಿ 8 ಮಂದಿ ತೀರಿಕೊಂಡರು. ಅವರು ಹೊರಗಿನವರಲ್ಲ, ಅದೇ ತೇನಿ ಜಿಲ್ಲೆಯವರು. ದರ್ಶನ ಮುಗಿದಿತ್ತು, ಮನೆ ಇನ್ನೇನು ಒಂದೆರಡು ಗಂಟೆಯ ದಾರಿ. ನನ್ನ ಮಟ್ಟಿಗೆ ಯಾತ್ರೆಯಲ್ಲಿ ಹೆಚ್ಚು ಭಯಪಡಬೇಕಾದದ್ದು ಈ ಮರಳುವ ರಾತ್ರಿಗೆ. ಹೋಗುವಾಗ ಭಕ್ತಿಯಾದರೂ ಎಚ್ಚರ ಇಟ್ಟಿರುತ್ತದೆ. ಬರುವಾಗ ನಾಳೆಯ ಡ್ಯೂಟಿ ನೆನಪಾಗುತ್ತದೆ. ಕುಮಳಿಯಲ್ಲೇ ಮಲಗಿ, ಬೆಳಗ್ಗೆ ಇಳಿಯಿರಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಡುವ ಚಾಲಕರಿದ್ದಾರೆ. ಆಗ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು, ಕೊನೆಗೆ ಹಿಡಿಯುವುದೇ ಇಲ್ಲ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ. ದಾರಿ ಕಿರಿದಾಗಿದ್ದರೆ ಹತ್ತುವ ಗಾಡಿಗೆ ಇಳಿಯುವವರು ಜಾಗ ಬಿಡಬೇಕು.

ಇಷ್ಟಾಗಿಯೂ ಅಪಘಾತವಾದರೆ? ಪರಸ್ಥಳದಲ್ಲಿ ನಮ್ಮ ಮೊದಲ ಯೋಚನೆ, ಹೇಗಾದರೂ ಊರಿಗೆ ಹೋಗಿಬಿಡೋಣ ಎಂಬುದು. ಗಾಯಾಳುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು 400 ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೆ ಹೊರಡುವವರಿದ್ದಾರೆ. ಇದರಷ್ಟು ಕೆಟ್ಟ ನಿರ್ಧಾರ ಇನ್ನೊಂದಿಲ್ಲ. ತಮಿಳುನಾಡಿನಲ್ಲೂ ಆಂಬ್ಯುಲೆನ್ಸಿಗೆ 108, ಪೊಲೀಸಿಗೆ 112. ತೇನಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಅದೇ ಜಿಲ್ಲೆಯಲ್ಲಿದೆ. ತಮಿಳುನಾಡು 2021ರ ಡಿಸೆಂಬರಿನಲ್ಲಿ ‘ನಮ್ಮೈ ಕಾಕ್ಕುಂ 48’ ಯೋಜನೆ ತಂದಿತು. ಆ ರಾಜ್ಯದ ರಸ್ತೆಯಲ್ಲಿ ಗಾಯಗೊಂಡವರಿಗೆ ಯೋಜನೆಯ ಆಸ್ಪತ್ರೆಗಳಲ್ಲಿ ಮೊದಲ 48 ಗಂಟೆಯ ಚಿಕಿತ್ಸೆ, ನಿಗದಿತ ಮಿತಿಯವರೆಗೆ, ಉಚಿತ. ನೀವು ಯಾವ ರಾಜ್ಯದವರೆಂಬುದು ಅದಕ್ಕೆ ಮುಖ್ಯವಲ್ಲ.

ಭಾಷೆಯ ಚಿಂತೆಯೂ ಅಷ್ಟಾಗಿ ಬೇಡ. ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಉಳಿಸಿಕೊಂಡ ಕುಟುಂಬಗಳಿವೆ. ಗುಂಪು ಸೇರಿದಲ್ಲಿ ಕನ್ನಡ ಬರುವವರಿದ್ದಾರೆಯೇ ಎಂದು ಕೂಗಿ ಕೇಳಿ, ಸಂಕೋಚ ಬೇಡ. ನೆರವಿಗೆ ಬಂದವರಿಗೆ ಮೋಟಾರು ವಾಹನ ಕಾಯಿದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಅವರು ಹೆಸರು ಹೇಳಲೇಬೇಕೆಂದಿಲ್ಲ.

ಗುಂಪು ಕೂಗಾಡಿದಾಗ, ಐದೋ ಹತ್ತೋ ಸಾವಿರ ಕೊಟ್ಟು ರಾಜಿ ಮಾಡಿಕೊಂಡು ಜಾರಿಕೊಳ್ಳುವುದು ಇನ್ನೊಂದು ಚಾಳಿ. ಬೇಡ. ಜನರಿಗೆ ಗಾಯವಾಗಿದ್ದರೆ ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯ, ಅದೂ 24 ಗಂಟೆಯೊಳಗೆ. ಎಫ್‌ಐಆರ್ ಇಲ್ಲದಿದ್ದರೆ ಮುಂದೆ ಪರಿಹಾರಕ್ಕೆ ಅಲೆದಾಟ. ಗಾಡಿ ಸರಿಸುವ ಮೊದಲು ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ, ಇನ್ಷೂರೆನ್ಸ್ ಕಂಪನಿಗೆ ಅಲ್ಲಿಂದಲೇ ಫೋನ್ ಮಾಡಿ. ಪರಿಹಾರದ ಅರ್ಜಿ ಹಾಕಲು ತೇನಿಗೆ ಓಡಾಡಬೇಕಿಲ್ಲ. ನೀವು ತುಮಕೂರಿನವರಾದರೆ ತುಮಕೂರಿನ ನ್ಯಾಯಮಂಡಳಿಯಲ್ಲೇ ಹಾಕಬಹುದು. ಕಾಯಿದೆ ಹೇಳುವ ಗಡುವು 6 ತಿಂಗಳು.

ಕೊನೆಯದಾಗಿ, ಬಾಡಿಗೆ ಕಡಿಮೆಯೆಂದು ಬಿಳಿ ಬೋರ್ಡಿನ ಗಾಡಿ ಗೊತ್ತುಮಾಡಬೇಡಿ. ಬಾಡಿಗೆಗೆ ಓಡಿದ್ದು ಗೊತ್ತಾದರೆ ಇನ್ಷೂರೆನ್ಸ್ ಕಂಪನಿ ತಕರಾರು ತೆಗೆಯುತ್ತದೆ. ನಿಮ್ಮದೇ ಕಾರಾದರೆ, ಮಾಲೆ ಹಾಕುವ ಮೊದಲೇ ಪಾಲಿಸಿ ತೆಗೆದು ತಾರೀಖು ನೋಡಿ. ಮುಗಿದಿದ್ದರೆ ಈ ವಾರವೇ ಕಟ್ಟಿ.